ಬಳ್ಳಾರಿಯ ಬಿಲ್ಲು, ರಾಯದುರ್ಗದ ಜೇಬು

ರಾಯದುರ್ಗದಲ್ಲಿ ಕಾರು ಇಟ್ಟುಕೊಂಡವರು ಅದನ್ನು ಸರ್ವೀಸಿಗೆ ಬಿಡಬೇಕೆಂದಾಗ ಹೆಚ್ಚಾಗಿ ನೋಡುವುದು ಬಳ್ಳಾರಿಯ ಕಡೆಗೆ. ಜಿಲ್ಲಾ ಕೇಂದ್ರ ಅನಂತಪುರ ನೂರು ಕಿಲೋಮೀಟರಿನ ಹತ್ತಿರ. ಬಳ್ಳಾರಿ ಅದರ ಅರ್ಧ. ಡಿ. ಹಿರೇಹಾಳು, ಓಬಳಾಪುರಂ ದಾಟಿದರೆ ಕರ್ನಾಟಕ. ದೊಡ್ಡ ಆಸ್ಪತ್ರೆ, ಮದುವೆ ಜವಳಿ, ಮಕ್ಕಳ ಕಾಲೇಜು, ಎಲ್ಲಕ್ಕೂ ಊರಿನ ಜನ ಹಿಡಿಯುವ ದಾರಿ ಅದೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅಂದಿನ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು, ಬಳ್ಳಾರಿ ಮೈಸೂರಿಗೆ ಸೇರಿತು. ಗೆರೆ ಬಿದ್ದು ಎಪ್ಪತ್ತು ವರ್ಷ ದಾಟಿದೆ. ನೆಂಟಸ್ತಿಕೆ, ವ್ಯಾಪಾರ, ಮನೆಯ ಮಾತು ಯಾವುದೂ ಆ ಗೆರೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಎಪಿ 02 ಅಥವಾ ಎಪಿ 39 ನಂಬರಿನ ಕಾರು ಬೆಳಿಗ್ಗೆ ಬಳ್ಳಾರಿಯ ವರ್ಕ್‌ಶಾಪಿನ ಗೇಟು ದಾಟಿ ಒಳಗೆ ಹೋಗುತ್ತದೆ, ಸಂಜೆ ತೊಳೆದುಕೊಂಡು ಹೊರಗೆ ಬರುತ್ತದೆ. ಜತೆಗೆ ಬರುವ ಬಿಲ್ಲು ಮಾತ್ರ ಕೆಲವೊಮ್ಮೆ ಎದೆ ಧಸಕ್ಕೆನ್ನಿಸುತ್ತದೆ.

ಮಡಕಶಿರಾದವರಿಗೆ ಇದೇ ಪಾಡು, ದಿಕ್ಕು ಮಾತ್ರ ಬೇರೆ. ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ ಕಡೆಯ ಕನ್ನಡ ಮಾತನಾಡುವ ಕುಟುಂಬಗಳು ಕಾರನ್ನು ಹಿಂದೂಪುರಕ್ಕೋ ಶಿರಾಕ್ಕೋ ತುಮಕೂರಿಗೋ ಒಯ್ಯುತ್ತವೆ. 2022ರ ಏಪ್ರಿಲ್ 4ರಂದು ಮಡಕಶಿರಾ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಅದೇ ಜಿಲ್ಲೆಯ ಪೆನುಕೊಂಡದ ಬಳಿ, ಎರ್ರಮಂಚಿಯಲ್ಲಿ, 2019ರಿಂದ ಕಿಯಾ ಕಂಪನಿಯ ಕಾರ್ಖಾನೆ ಇದೆ. ವರ್ಷಕ್ಕೆ ಮೂರು ಲಕ್ಷ ಕಾರು ತಯಾರಿಸುವ ಸಾಮರ್ಥ್ಯ ಅದರದು. ಕಾರು ಹುಟ್ಟುವ ಜಿಲ್ಲೆ ಇದು. ಆದರೂ ಅಗಳಿಯ ಅಡಿಕೆ ಬೆಳೆಗಾರ ತನ್ನ ಕಾರಿನ ಬ್ರೇಕು ನೋಡಿಸಲು ಬೇರೆ ಊರಿನ ದಾರಿ ಹಿಡಿಯಬೇಕು.

ದೂರವೇ ಇಲ್ಲಿ ಮೊದಲ ತೊಡಕು. ಕಾರು ಬಿಟ್ಟವರು ಅಲ್ಲೇ ದಿನವಿಡೀ ಕೂರುವುದಿಲ್ಲ. ಬಸ್ಸು ಹತ್ತಿ ಊರಿಗೆ ವಾಪಸಾಗುತ್ತಾರೆ, ಇಲ್ಲವೇ ಪೇಟೆಯ ಕೆಲಸ ನೋಡಿಕೊಳ್ಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ವರ್ಕ್‌ಶಾಪಿನ ಸರ್ವೀಸ್ ಅಡ್ವೈಸರ್ ಫೋನು ಬರುತ್ತದೆ. “ಸರ್, ಗಾಡಿ ಚೆಕ್ ಮಾಡಿದ್ವಿ. ಮುಂದಿನ ಬ್ರೇಕ್ ಪ್ಯಾಡ್ ಸವೆದಾವ. ಲೋವರ್ ಆರ್ಮ್ ಬುಷ್ ಹೋಗ್ಯದ. ಥ್ರಾಟಲ್ ಬಾಡಿ ಕ್ಲೀನಿಂಗ್ ಆಗ್ಬೇಕು. ಮಾಡಿಬಿಡ್ಲಾ ಸರ್?” ಈ ಕಡೆಯವರು ಅಂಗಡಿಯ ಗಲಾಟೆಯಲ್ಲಿರುತ್ತಾರೆ, ಅರ್ಧ ಕೇಳಿಸಿರುತ್ತದೆ, ಬ್ರೇಕು ಎಂಬ ಮಾತಿಗೆ ಭಯವೂ ಆಗಿರುತ್ತದೆ. “ಮಾಡ್ರಿ” ಎನ್ನುತ್ತಾರೆ. ಎಷ್ಟಾಗುತ್ತದೆ ಎಂದು ಕೇಳುವುದಿಲ್ಲ. ಸಂಜೆಯ ಬಿಲ್ಲಿನಲ್ಲಿ ನಡೆಯುವ ಜಗಳದ ಬೇರು ಬಹುಪಾಲು ಈ ಅರ್ಧ ನಿಮಿಷದ ಫೋನಿನಲ್ಲಿದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಣ್ಣ ಪೆಟ್ರೋಲ್ ಕಾರು, 40,000 ಕಿಲೋಮೀಟರಿನ ಸರ್ವೀಸು. ಮಾಲೀಕ ಅಂದಾಜಿಸಿದ್ದು 7,000 ರೂಪಾಯಿ, ಬಿಲ್ಲು ಬಂದದ್ದು 19,000. ಒಮ್ಮೆಗೇ ಮೋಸ ಎಂದು ತೀರ್ಮಾನಿಸುವ ಮೊದಲು ಸಾಲು ಸಾಲಾಗಿ ಓದಬೇಕು. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್: ಇವು ಕಂಪನಿಯ ಕೈಪಿಡಿಯಲ್ಲೇ ಇರುವ ಕೆಲಸ. ಮುಂದಿನ ಬ್ರೇಕ್ ಪ್ಯಾಡು: ಸವೆದಿದ್ದರೆ ಬದಲಿಸಲೇಬೇಕು. ಅದರ ಕೆಳಗೆ ಬೇರೆ ಬಗೆಯ ಸಾಲುಗಳು ಶುರುವಾಗುತ್ತವೆ. ಇಂಜೆಕ್ಟರ್ ಕ್ಲೀನರ್, ಎ.ಸಿ. ಡಿಸ್‌ಇನ್ಫೆಕ್ಷನ್, ಒಳಾಂಗಣ ಶುಚಿ, ಎಂಜಿನ್ ಕೋಟಿಂಗ್, ಅಂಡರ್‌ಬಾಡಿಗೆ ತುಕ್ಕು ನಿರೋಧಕ ಲೇಪನ, ಕೊನೆಗೆ ‘ಕನ್ಸ್ಯೂಮಬಲ್ಸ್’ ಎಂಬ ವಿವರವಿಲ್ಲದ ಮುನ್ನೂರೋ ನಾನೂರೋ. ವರ್ಕ್‌ಶಾಪುಗಳು ಇವನ್ನು ‘ವ್ಯಾಲ್ಯೂ ಆಡೆಡ್ ಸರ್ವೀಸ್’ ಎನ್ನುತ್ತವೆ. ಅಡ್ವೈಸರುಗಳ ತಿಂಗಳ ಟಾರ್ಗೆಟ್ಟು ಕುಳಿತಿರುವುದು ಬಹುತೇಕ ಈ ಸಾಲುಗಳ ಮೇಲೆ. ಬಿಲ್ಲು ಏರಿಸುವವೂ ಇವೇ.

ತುಕ್ಕು ನಿರೋಧಕ ಲೇಪನವನ್ನೇ ನೋಡಿ. ಮಂಗಳೂರು, ಕಾರವಾರದ ಉಪ್ಪುಗಾಳಿ ಮತ್ತು ಸುರಿಮಳೆಯಲ್ಲಿ ಓಡುವ ಕಾರಿಗೆ ಅದು ಅರ್ಥವಿರುವ ಖರ್ಚು. ಅನಂತಪುರ ದೇಶದ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳ ಸಾಲಿನಲ್ಲಿ ನಿಲ್ಲುತ್ತದೆ. ಇಲ್ಲಿನ ಕಾರಿನ ತಳಕ್ಕೆ ತುಕ್ಕು ಅಂಥ ಶತ್ರುವಲ್ಲ. ಇಲ್ಲಿಯ ಶತ್ರು ಧೂಳು.

ಧೂಳಿನ ಲೆಕ್ಕ ಬೇರೆಯೇ. ಓಬಳಾಪುರಂ ಸುತ್ತಿನ ಅದಿರು ಸೀಮೆಯಲ್ಲಿ, ಡಾಂಬರು ಕಿತ್ತ ಹಳ್ಳಿ ದಾರಿಗಳಲ್ಲಿ ದಿನವೂ ಓಡುವ ಗಾಡಿಯ ಏರ್ ಫಿಲ್ಟರು ಬೆಂಗಳೂರಿನ ಗಾಡಿಯದಕ್ಕಿಂತ ಬೇಗ ಕಟ್ಟಿಕೊಳ್ಳುತ್ತದೆ. ಹೆಚ್ಚಿನ ಕಂಪನಿಗಳ ಕೈಪಿಡಿಯಲ್ಲಿ ‘ಕಠಿಣ ಬಳಕೆ’ ಎಂಬ ಪ್ರತ್ಯೇಕ ಪಟ್ಟಿಯೇ ಇರುತ್ತದೆ: ಧೂಳಿನ ದಾರಿ, ವಿಪರೀತ ಬಿಸಿಲು, ಚಿಕ್ಕ ಚಿಕ್ಕ ಓಡಾಟ ಇದ್ದರೆ ಆಯಿಲು, ಫಿಲ್ಟರು ಅವಧಿಗೆ ಮುಂಚೆ ಬದಲಿಸಿ ಎಂದು. ಆದ್ದರಿಂದ ರಾಯದುರ್ಗದ ಕಾರಿಗೆ ಏರ್ ಫಿಲ್ಟರು ಬೇಗ ಬಂದರೆ ಅದು ಸುಳ್ಳಲ್ಲ. ಮೆಕ್ಯಾನಿಕ್ಕಿನ ಮೇಲೆ ಅನುಮಾನ ಬರುವ ಹೊತ್ತಿನಲ್ಲಿ ಈ ಮಾತನ್ನೂ ನೆನಪಿಡುವುದು ನ್ಯಾಯ.

ಡೀಸೆಲ್ ಗಾಡಿಯವರಿಗೆ ಇನ್ನೊಂದು ಹೊಡೆತ ಕಾದಿರುತ್ತದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ನಿಯಮದ ನಂತರ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ಹೆದ್ದಾರಿಯಲ್ಲಿ ಒಂದಿಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿದರೆ ಬಿಸಿ ಏರಿ ಆ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಮನೆಯಿಂದ ಜೀನ್ಸ್ ಹೊಲಿಗೆ ಘಟಕಕ್ಕೆ, ಘಟಕದಿಂದ ಬಸ್‌ಸ್ಟ್ಯಾಂಡಿಗೆ ಎಂದು ಎರಡು ಮೂರು ಕಿಲೋಮೀಟರು ಮಾತ್ರ ಓಡುವ ಗಾಡಿಗೆ ಆ ಬಿಸಿ ಸಿಗುವುದೇ ಇಲ್ಲ. ಜಾಲರಿ ಕಟ್ಟುತ್ತದೆ, ಮೀಟರಿನಲ್ಲಿ ಎಚ್ಚರಿಕೆಯ ದೀಪ ಹತ್ತುತ್ತದೆ. ದೀಪ ಹತ್ತಿದ ದಿನವೇ ಹೆದ್ದಾರಿಗೆ ಹೋಗಿ ಓಡಿಸಿದ್ದರೆ ಮುಗಿಯಬಹುದಾದದ್ದು ತಿಂಗಳು ಬಿಟ್ಟರೆ ಸಾವಿರಾರು ರೂಪಾಯಿಯ ಕೆಲಸವಾಗುತ್ತದೆ. ಊರೊಳಗಿನ ಓಡಾಟಕ್ಕೆ ಡೀಸೆಲ್ ಕಾರು ಕೊಳ್ಳುವವರಿಗೆ ಈ ವಿಷಯವನ್ನು ಶೋರೂಮಿನಲ್ಲೇ ಹೇಳಬೇಕು.

ಉಚಿತ ಸರ್ವೀಸಿನಲ್ಲೂ ಜನ ಬೆಚ್ಚುತ್ತಾರೆ. ಹೊಸ ಕಾರಿನ ಮೊದಲ ಮೂರು ಸರ್ವೀಸಿನಲ್ಲಿ ಉಚಿತವಾಗಿರುವುದು ಕೂಲಿ ಮಾತ್ರ. ಆಯಿಲು, ಫಿಲ್ಟರಿಗೆ ದುಡ್ಡು ಕೊಡಬೇಕು.

ಬಿಲ್ಲಿನ ಲೆಕ್ಕ ಪರಿಶೀಲಿಸಲು ಎಂಜಿನಿಯರಾಗಬೇಕಿಲ್ಲ. ಬಿಡಿಭಾಗದ ಡಬ್ಬಿಯ ಮೇಲೆ ಎಂಆರ್‌ಪಿ ಇರುತ್ತದೆ, ಅದು ತೆರಿಗೆ ಸೇರಿದ ಬೆಲೆ. ಬಿಲ್ಲಿನಲ್ಲಿ ಮೂಲ ಬೆಲೆ ಬೇರೆ, ಜಿಎಸ್‌ಟಿ ಬೇರೆ ತೋರಿಸಿದರೂ ಎರಡೂ ಕೂಡಿದ ಮೊತ್ತ ಡಬ್ಬಿಯ ಬೆಲೆ ಮೀರಕೂಡದು. 2025ರ ಸೆಪ್ಟೆಂಬರ್ 22ರವರೆಗೆ ಹಲವು ಬಿಡಿಭಾಗಗಳಿಗೆ 28 ಪರ್ಸೆಂಟ್ ಜಿಎಸ್‌ಟಿ ಇತ್ತು. ಅಂದಿನಿಂದ ಎಲ್ಲ ಆಟೊ ಬಿಡಿಭಾಗಗಳಿಗೂ 18. ರಿಪೇರಿ ಕೂಲಿಗೂ 18. ಬಿಲ್ಲಿನ ಮೇಲಿರುವ ಹದಿನೈದು ಅಕ್ಷರದ ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯವನ್ನು ಹೇಳುತ್ತವೆ: ಕರ್ನಾಟಕಕ್ಕೆ 29, ಆಂಧ್ರಕ್ಕೆ 37. ಜಿಎಸ್‌ಟಿ ನಂಬರೇ ಇಲ್ಲದ ಶೆಡ್ಡು, ಅಥವಾ ಕಾಂಪೊಸಿಷನ್ ಯೋಜನೆಯಲ್ಲಿರುವ ಚಿಕ್ಕ ಗ್ಯಾರೇಜು, ಗ್ರಾಹಕನಿಂದ ಜಿಎಸ್‌ಟಿ ಎಂದು ಪ್ರತ್ಯೇಕ ಹಣ ವಸೂಲಿ ಮಾಡುವಂತಿಲ್ಲ.

ಆಯಿಲಿನ ಅಳತೆಯೂ ಅಷ್ಟೇ. ಸಣ್ಣ ಪೆಟ್ರೋಲ್ ಎಂಜಿನ್ನಿಗೆ ಮೂರರಿಂದ ನಾಲ್ಕು ಲೀಟರು ಸಾಕು. ನಿಖರ ಅಳತೆ ಕೈಪಿಡಿಯ ಕೊನೆಯ ಪುಟಗಳಲ್ಲಿರುತ್ತದೆ. ಬಿಲ್ಲಿನಲ್ಲಿ ಐದು ಲೀಟರು ಇದ್ದರೆ ಕೇಳಬೇಕು. ಕೂಲಿಯ ಸಾಲಿನಲ್ಲಿ ಒಂದೇ ಕೆಲಸ ಎರಡು ಹೆಸರಿನಲ್ಲಿ ಬಂದಿದೆಯೇ ಎಂಬುದನ್ನೂ ನೋಡಬೇಕು. ಬ್ರೇಕ್ ಪ್ಯಾಡ್ ಬದಲಿಸಲು ಚಕ್ರ ಬಿಚ್ಚಲೇಬೇಕು, ಧೂಳು ಒರೆಸಲೇಬೇಕು. ಪ್ಯಾಡ್ ಹಾಕಿದ ಕೂಲಿಯ ಜತೆಗೆ ‘ಬ್ರೇಕ್ ಕ್ಲೀನಿಂಗ್’ ಎಂದು ಇನ್ನೊಂದು ಸಾಲು ಇದ್ದರೆ ಅದರಲ್ಲಿ ಬೇರೆ ಏನು ಮಾಡಿದರು ಎಂದು ಕೇಳುವುದು ಗ್ರಾಹಕನ ಹಕ್ಕು. ಇಷ್ಟು ಕೇಳಿದಾಗ ಮ್ಯಾನೇಜರು ಕೆಲವು ಸಾಲು ಅಳಿಸುವುದುಂಟು. ಆದರೆ ಕೌಂಟರಿನಲ್ಲಿ ದನಿ ಏರಿಸಿ ಗೆಲ್ಲುವುದಕ್ಕಿಂತ ಪೆನ್ನು ಹಿಡಿದು ಸಾಲಿಗೊಂದು ಗುರುತು ಹಾಕುತ್ತ ಕೇಳುವುದು ಹೆಚ್ಚು ಫಲ ಕೊಡುತ್ತದೆ. ಒಟ್ಟು ಮೊತ್ತದ ಬಗ್ಗೆ ಮಾಡಿದ ಜಗಳಕ್ಕೆ ಉತ್ತರ ಸಿಗುವುದಿಲ್ಲ, ಏಳನೆಯ ಸಾಲಿನ ಬಗ್ಗೆ ಕೇಳಿದ ಪ್ರಶ್ನೆಗೆ ಸಿಗುತ್ತದೆ.

ಬೆಂಗಳೂರಿನ 22 ಲಕ್ಷ

ಇದು ಗಡಿಯ ಊರಿನವರ ಕಷ್ಟ ಮಾತ್ರ ಎಂದುಕೊಳ್ಳಬೇಕಿಲ್ಲ. 2022ರಲ್ಲಿ ಬೆಂಗಳೂರಿನ ಮಳೆ ನೆರೆಯಲ್ಲಿ ಒಬ್ಬರ ಫೋಕ್ಸ್‌ವ್ಯಾಗನ್ ಪೋಲೊ ಕಾರು ಮುಳುಗಿತು. ಕಾರಿನ ಬೆಲೆ ಸುಮಾರು 11 ಲಕ್ಷ. ವೈಟ್‌ಫೀಲ್ಡ್ ಕಡೆಯ ಅಧಿಕೃತ ಸರ್ವೀಸ್ ಕೇಂದ್ರಕ್ಕೆ ಎಳೆದುಕೊಂಡು ಹೋದ ಸುಮಾರು ಇಪ್ಪತ್ತು ದಿನದ ಮೇಲೆ ಬಂದ ಎಸ್ಟಿಮೇಟು 22 ಲಕ್ಷ. ವಿಮಾ ಕಂಪನಿ ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸುವುದಾಗಿ ಹೇಳಿತು. ವಿಮೆಯ ನಿಯಮದಲ್ಲಿ ರಿಪೇರಿ ಖರ್ಚು ಕಾರಿನ ಘೋಷಿತ ಮೌಲ್ಯದ 75 ಪರ್ಸೆಂಟ್ ದಾಟಿದರೆ ಅದನ್ನು ಹಾಗೆ ಪರಿಗಣಿಸುತ್ತಾರೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕಾಗದಪತ್ರ ತರಲು ಹೋದಾಗ, ಒಂದು ಬೋಲ್ಟೂ ಬಿಗಿಯದ ಆ ಕಾರಿಗೆ ಎಸ್ಟಿಮೇಟ್ ಹಾಕಿಕೊಟ್ಟ ಲೆಕ್ಕದಲ್ಲಿ 44,840 ರೂಪಾಯಿಯ ಬಿಲ್ಲು ಕೈಗೆ ಬಂತು. ಮಾಲೀಕರು ಎಲ್ಲವನ್ನೂ ಬಹಿರಂಗವಾಗಿ ಬರೆದರು, ಕಾರು ತಯಾರಕ ಕಂಪನಿಗೆ ದೂರು ಒಯ್ದರು. ದೇಶದ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಕೊನೆಗೆ ಅವರು ಕೊಟ್ಟದ್ದು 5,000 ರೂಪಾಯಿ.

44,840 ಎಲ್ಲಿ, 5,000 ಎಲ್ಲಿ. ಬಿಲ್ಲಿನಲ್ಲಿ ಅಚ್ಚಾದ ಅಂಕಿಯನ್ನು ಕಲ್ಲಿನಲ್ಲಿ ಕೆತ್ತಿದ್ದೆಂದು ತಿಳಿಯುವವರು ಈ ಎರಡು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಬೇಕು. ಆ ಗ್ರಾಹಕರಿಗೆ ಇಂಗ್ಲಿಷಿತ್ತು, ಬರೆಯುವ ಜಾಗವಿತ್ತು, ಓದುವ ಸಾವಿರಾರು ಜನರಿದ್ದರು. ರಾಯದುರ್ಗದ ಪಕ್ಕದ ಗುಮ್ಮಗಟ್ಟದ ರೈತನಿಗೆ ಅವು ಇಲ್ಲ. ಅವನಿಗೆ ಇರುವುದು ಕಾನೂನು. ಅದು ಅವನ ಪರವಾಗಿ ಎಷ್ಟು ದೂರ ಬಂದಿದೆ ಎಂಬುದು ಅವನ ಊರಿಗೆ ಇನ್ನೂ ತಲುಪಿಲ್ಲ.

ಜಾಮೀನಾಗಿ ನಿಂತ ಕಾರು

ಬಿಲ್ಲು ಒಪ್ಪಿಗೆಯಿಲ್ಲದಿದ್ದರೆ ಕಟ್ಟದೆ ಕಾರು ತೆಗೆದುಕೊಂಡು ಹೋಗಬಹುದೇ? ಹೆಚ್ಚಿನ ಸಂದರ್ಭದಲ್ಲಿ ಆಗುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 170ನೇ ಸೆಕ್ಷನ್, ಒಪ್ಪಿಸಿದ ವಸ್ತುವಿನ ಮೇಲೆ ಶ್ರಮ ಅಥವಾ ಕುಶಲತೆ ಹಾಕಿದವನು ತನ್ನ ಕೂಲಿ ಬರುವತನಕ ಆ ವಸ್ತುವನ್ನು ಇಟ್ಟುಕೊಳ್ಳಬಹುದು ಎನ್ನುತ್ತದೆ. ಕಾಯ್ದೆ ಬರೆದವರು ಅಲ್ಲೇ ಎರಡು ದೃಷ್ಟಾಂತ ಕೊಟ್ಟಿದ್ದಾರೆ. ಒಂದು, ವಜ್ರ ಸಾಣೆ ಹಿಡಿಯುವ ಆಭರಣಕಾರನದು. ಅವನು ಕೂಲಿ ಸಿಗುವವರೆಗೆ ವಜ್ರ ಹಿಡಿದಿಡಬಹುದು. ಇನ್ನೊಂದು ದರ್ಜಿಯದು. ಕೋಟು ಹೊಲಿದು ಮುಗಿದ ಕೂಡಲೇ ಕೊಡುತ್ತೇನೆ, ದುಡ್ಡಿಗೆ ಮೂರು ತಿಂಗಳು ಸಮಯ ಕೊಡುತ್ತೇನೆ ಎಂದು ಮಾತು ಕೊಟ್ಟ ದರ್ಜಿ ಆಮೇಲೆ ದುಡ್ಡಿಗಾಗಿ ಕೋಟನ್ನು ಹಿಡಿದಿಡುವಂತಿಲ್ಲ. ಬೀದಿ ಬೀದಿಯಲ್ಲಿ ಜೀನ್ಸ್ ಹೊಲಿಗೆಯ ಮಷೀನು ಸದ್ದು ಮಾಡುವ ರಾಯದುರ್ಗಕ್ಕೆ ಈ ಎರಡನೆಯ ದೃಷ್ಟಾಂತವನ್ನು ವಿವರಿಸಬೇಕಿಲ್ಲ. ಮೊದಲು ಆಡಿದ ಮಾತು ಏನಿತ್ತು ಎಂಬುದರ ಮೇಲೆ ಹಕ್ಕು ನಿಲ್ಲುತ್ತದೆ.

ಗ್ಯಾರೇಜಿನ ವಿಷಯಕ್ಕೂ ಇದು ಹಾಗೇ ಅನ್ವಯಿಸುತ್ತದೆ. ಒಪ್ಪಿಸಿದ ಉದ್ದೇಶಕ್ಕೆ ತಕ್ಕಂತೆ ಮಾಡಿದ ಕೆಲಸಕ್ಕೆ ಮಾತ್ರ ಆ ಹಿಡಿತ ಸಲ್ಲುತ್ತದೆ. ಹೇಳದೆ ಮಾಡಿದ ಕೆಲಸದ ಹಣಕ್ಕಾಗಿ ಕಾರು ತಡೆದರೆ ಆ ತಡೆಯೇ ಪ್ರಶ್ನಾರ್ಹ. ಆದರೆ ಇದನ್ನು ಸಂಜೆ ಆರೂವರೆಗೆ ವರ್ಕ್‌ಶಾಪಿನ ಗೇಟಿನಲ್ಲಿ ನಿಂತು ಸಾಬೀತು ಮಾಡಲಾಗದು. ಕಾರು ಬೇಕು, ಐವತ್ತು ಕಿಲೋಮೀಟರು ಹೋಗಬೇಕು. ಆಗ ಮಾಡಬೇಕಾದ್ದು, ಪೂರ್ತಿ ಬಿಲ್ಲು ಪಡೆದು, ಅದರ ನಕಲಿನ ಮೇಲೆ ‘ಈ ಕೆಲಸಗಳಿಗೆ ನಾನು ಒಪ್ಪಿಗೆ ಕೊಟ್ಟಿರಲಿಲ್ಲ, ಆಕ್ಷೇಪದೊಂದಿಗೆ ಹಣ ಕಟ್ಟುತ್ತಿದ್ದೇನೆ’ ಎಂದು ಬರೆದು, ಸಾಲುಗಳಿಗೆ ಗುರುತು ಹಾಕಿ, ಫೋಟೊ ತೆಗೆದು, ಅದೇ ದಿನ ವರ್ಕ್‌ಶಾಪಿನ ವಾಟ್ಸ್ಆ್ಯಪ್‌ಗೋ ಇಮೇಲಿಗೋ ಕಳುಹಿಸಿ ಹಣ ಕಟ್ಟುವುದು. ನಗದಾಗಿ ಕಟ್ಟದೆ ಯುಪಿಐ ಅಥವಾ ಕಾರ್ಡಿನಲ್ಲಿ ಕಟ್ಟಿದರೆ ದಾಖಲೆ ತಾನಾಗಿ ಉಳಿಯುತ್ತದೆ. ಆಕ್ಷೇಪ ಬರೆಯದೆ ಸಹಿ ಹಾಕಿ ‘ಸರ್ವೀಸ್ ತೃಪ್ತಿಕರ’ ಎಂಬ ಚೌಕಕ್ಕೆ ಗುರುತು ಹಾಕಿಬಂದರೆ ಮರುದಿನದ ದೂರಿಗೆ ಬಲ ಕಡಿಮೆ.

ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಬೇಕು, ವಾರಂಟಿಯಲ್ಲಿ ಬದಲಿಸಿದ್ದನ್ನು ಬಿಟ್ಟು. ಹೊಸತಿದ್ದಾಗ ಬ್ರೇಕ್ ಪ್ಯಾಡಿನ ಘರ್ಷಣೆಯ ಪದರ ಸುಮಾರು ಹತ್ತು ಮಿಲಿಮೀಟರು ಇರುತ್ತದೆ. ಮೂರರ ಹತ್ತಿರ ಬಂದಾಗ ಬದಲಿಸುತ್ತಾರೆ. ಕೈಗೆ ಬಂದ ಹಳೆಯ ಪ್ಯಾಡು ಆರು ಮಿಲಿಮೀಟರು ಇದ್ದರೆ ಅದು ಬೇರೆ ಯಾವ ಸಾಕ್ಷಿಗಿಂತ ಚೆನ್ನಾಗಿ ಮಾತಾಡುತ್ತದೆ.

ಆಯೋಗ ಈಗ ಅನಂತಪುರದಲ್ಲೇ

ರಾಯದುರ್ಗ, ಮಡಕಶಿರಾ ಕಡೆಯವರು ಎಲ್ಲಕ್ಕಿಂತ ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಇದು. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಾಲದಲ್ಲಿ, ಬಳ್ಳಾರಿಯ ವರ್ಕ್‌ಶಾಪಿನ ಮೇಲೆ ದೂರು ಕೊಡಬೇಕೆಂದರೆ ಬಳ್ಳಾರಿಯ ಗ್ರಾಹಕ ವೇದಿಕೆಗೇ ಹೋಗಬೇಕಿತ್ತು: ಎದುರಾಳಿ ವ್ಯವಹಾರ ನಡೆಸುವ ಜಾಗ ಅಥವಾ ವ್ಯಾಜ್ಯದ ಕಾರಣ ಹುಟ್ಟಿದ ಜಾಗ, ಇವೆರಡೇ ದಾರಿ. “ಹನ್ನೆರಡು ಸಾವಿರಕ್ಕೆ ಹತ್ತು ಸಲ ಬಳ್ಳಾರಿಗೆ ಓಡಾಡ್ಲಾ?” ಎಂಬ ಲೆಕ್ಕದಲ್ಲಿ ಎಷ್ಟೋ ನ್ಯಾಯವಾದ ದೂರುಗಳು ಹುಟ್ಟುವ ಮೊದಲೇ ಸತ್ತವು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಹೊಸ ಕಾಯ್ದೆಯ 34ನೇ ಸೆಕ್ಷನ್ ಆ ಲೆಕ್ಕವನ್ನು ತಿರುಗಿಸಿತು. ದೂರುದಾರ ವಾಸವಿರುವ ಅಥವಾ ದುಡಿಯುವ ಜಾಗದ ಜಿಲ್ಲಾ ಆಯೋಗದಲ್ಲೇ ದೂರು ಹಾಕಬಹುದು. ಕಾರು ಬಳ್ಳಾರಿಯಲ್ಲಿ ರಿಪೇರಿಯಾಗಿರಲಿ, ತುಮಕೂರಿನಲ್ಲಿ ಆಗಿರಲಿ, ರಾಯದುರ್ಗದವನು ಅನಂತಪುರದ ಆಯೋಗದ ಬಾಗಿಲು ತಟ್ಟಬಹುದು. ಉತ್ತರ ಕೊಡಲು ವರ್ಕ್‌ಶಾಪು ಗಡಿ ದಾಟಿ ಬರಬೇಕು. ಮಡಕಶಿರಾದವರಿಗೂ ಇದೇ ನಿಯಮ.

1953ರಲ್ಲಿ ಎಳೆದ ಗೆರೆಯಿಂದ ಗಡಿಯ ಕನ್ನಡಿಗರಿಗೆ ತೊಂದರೆಗಳೇ ಹೆಚ್ಚು: ಶಾಲೆಯ ಪುಸ್ತಕ, ಕಚೇರಿಯ ಭಾಷೆ, ಉದ್ಯೋಗದ ಮೀಸಲು. ಈ ಒಂದು ವಿಷಯದಲ್ಲಿ ಮಾತ್ರ ಕಾನೂನು ಅವರ ಮನೆಯ ಹತ್ತಿರಕ್ಕೆ ನಡೆದುಬಂದಿದೆ. ಅದನ್ನು ಬಳಸದೆ ಬಿಡುವುದು ನಷ್ಟ.

ಖರ್ಚಿನ ಭಯವೂ ಬೇಡ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ಜಿಲ್ಲಾ ಆಯೋಗ 50 ಲಕ್ಷದವರೆಗಿನ ವ್ಯವಹಾರ ನೋಡುತ್ತದೆ, ಯಾವ ಗ್ಯಾರೇಜು ಬಿಲ್ಲೂ ಅದನ್ನು ಮೀರುವುದಿಲ್ಲ. ವಕೀಲರಿಲ್ಲದೆ ತಾನೇ ವಾದಿಸಬಹುದು. ಆನ್‌ಲೈನಿನಲ್ಲಿ ದೂರು ಹಾಕಬಹುದು, ಕೇಳಿಕೊಂಡರೆ ವಿಡಿಯೊ ಮೂಲಕ ವಿಚಾರಣೆಗೂ ಕಾಯ್ದೆ ಅವಕಾಶ ಕೊಟ್ಟಿದೆ. ಘಟನೆಯಾದ ಎರಡು ವರ್ಷದೊಳಗೆ ದೂರು ಸಲ್ಲಬೇಕು. ಪ್ರಕರಣ ಮೂರು ತಿಂಗಳಲ್ಲಿ, ವಸ್ತುವಿನ ಪರೀಕ್ಷೆ ಬೇಕಿದ್ದರೆ ಐದು ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯುತ್ತದೆ, ಇದನ್ನು ತಿಳಿದೇ ಹೊರಡಬೇಕು.

ಅದಕ್ಕೂ ಮುಂಚಿನ ಮೆಟ್ಟಿಲು 1915. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು. ಹದಿನೇಳು ಭಾಷೆಯಲ್ಲಿ ದೂರು ತೆಗೆದುಕೊಳ್ಳುತ್ತಾರೆ, ಕನ್ನಡವೂ ತೆಲುಗೂ ಅವುಗಳಲ್ಲಿವೆ. ಅಗಳಿಯ ಮನೆಯಿಂದ ಕನ್ನಡದಲ್ಲೇ ದೂರು ಹೇಳಬಹುದು. ಕಾರು ಕಂಪನಿಗೆ ದೂರು ಮುಟ್ಟುತ್ತದೆ, ಕಂಪನಿಯಿಂದ ವರ್ಕ್‌ಶಾಪಿಗೆ ಫೋನು ಹೋಗುತ್ತದೆ. ಸಣ್ಣ ಮೊತ್ತದ ವಿವಾದ ಈ ಹಂತದಲ್ಲೇ ಬಗೆಹರಿದರೆ ಅದಕ್ಕಿಂತ ಒಳ್ಳೆಯದಿಲ್ಲ.

ಆಯೋಗಕ್ಕೆ ಹೋದವರೆಲ್ಲ ಗೆಲ್ಲುತ್ತಾರೆ ಎಂದು ಹೇಳಿದರೆ ತಪ್ಪಾಗುತ್ತದೆ. ಸೇವೆಯಲ್ಲಿ ಕೊರತೆಯಿದೆ ಎಂದು ತೋರಿಸುವ ಹೊಣೆ ದೂರುದಾರನದೇ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ‘ಬಿಲ್ಲು ಜಾಸ್ತಿ ಅನ್ನಿಸಿತು’ ಎಂಬುದು ಸಾಕ್ಷಿಯಲ್ಲ. ಕಾರು ಬಿಡುವಾಗ ಸಹಿ ಹಾಕುವ ಜಾಬ್ ಕಾರ್ಡು, ಎಸ್ಟಿಮೇಟು, ವಾಟ್ಸ್ಆ್ಯಪ್ ಮಾತು, ಹಳೆಯ ಭಾಗ, ಇನ್ನೊಬ್ಬ ಮೆಕ್ಯಾನಿಕ್ಕಿನ ಲಿಖಿತ ಅಭಿಪ್ರಾಯ ಇವು ಸಾಕ್ಷಿ. ಇನ್ನೊಂದು ತೊಡಕೂ ಇದೆ. ಲಾಭದ ವ್ಯವಹಾರಕ್ಕೆ ಬಳಸುವ ವಾಹನವಾದರೆ ಮಾಲೀಕ ಗ್ರಾಹಕನೇ ಅಲ್ಲ ಎಂಬ ವಾದ ಎದುರಾಗುತ್ತದೆ. ತಾನೇ ಓಡಿಸಿ ಹೊಟ್ಟೆ ಹೊರೆಯುವ ಟ್ಯಾಕ್ಸಿ ಚಾಲಕನಿಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಸಂಸ್ಥೆಯ ಹೆಸರಿನಲ್ಲಿ ಗಾಡಿಯಿಟ್ಟು ಡ್ರೈವರಿನ ಕೈಗೆ ಕೊಟ್ಟವರಿಗೆ ದಾರಿ ಕಿರಿದು.

ಶೆಡ್ಡಿನ ಮೇಸ್ತ್ರಿ

ಅಧಿಕೃತ ವರ್ಕ್‌ಶಾಪು ದುಬಾರಿಯೆನಿಸಿದರೆ ಊರಿನ ಶೆಡ್ಡಿದೆಯಲ್ಲ ಎಂದು ಯಾರಾದರೂ ಕೇಳಬಹುದು. ರಾಯದುರ್ಗ, ಮಡಕಶಿರಾದ ಶೆಡ್ಡುಗಳಲ್ಲಿ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವ ಮೇಸ್ತ್ರಿಗಳಿದ್ದಾರೆ. ಹುಡುಗರಾಗಿದ್ದಾಗಿನಿಂದ ಸ್ಪ್ಯಾನರು ಹಿಡಿದು ಕಲಿತವರು. ಹಳೆಯ ಅಂಬಾಸಡರು, ಜೀಪು, ಮಾರುತಿ 800ರ ಕಾಲದಲ್ಲಿ ಅಷ್ಟು ಸಾಕಾಗಿತ್ತು. ಈಗಿನ ಕಾರಿನ ತೊಂದರೆಯನ್ನು ಕಂಪ್ಯೂಟರಿಗೆ ಸ್ಕ್ಯಾನರು ಹಾಕಿ ಓದಬೇಕು, ಕಂಪನಿಯ ಕೋಡು ಬೇಕು, ಅಸಲಿ ಬಿಡಿಭಾಗ ಬೇಕು. ಅವು ಮೇಸ್ತ್ರಿಯ ಕೈಗೆ ಸಿಗದಂತೆ ಮಾಡಿದ್ದು ಯಾರು?

ಈ ಪ್ರಶ್ನೆ 2011ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಬಂತು. ಶಮ್ಶೇರ್ ಕಟಾರಿಯಾ ಎಂಬುವರು ಹೋಂಡಾ, ಫೋಕ್ಸ್‌ವ್ಯಾಗನ್, ಫಿಯೆಟ್ ಕಂಪನಿಗಳ ಮೇಲೆ ಕೊಟ್ಟ ದೂರು ತನಿಖೆಯಲ್ಲಿ ಬೆಳೆದು ದೇಶದ ಹೆಚ್ಚಿನ ಕಾರು ತಯಾರಕರನ್ನು ಒಳಗೊಂಡಿತು. 2014ರ ಆಗಸ್ಟ್ 25ರಂದು ಆಯೋಗ 14 ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ಪರೀಕ್ಷಾ ಉಪಕರಣ, ರಿಪೇರಿ ಕೈಪಿಡಿಗಳನ್ನು ತಮ್ಮ ಡೀಲರುಗಳಿಗಷ್ಟೇ ಕೊಟ್ಟು ಸ್ವತಂತ್ರ ಗ್ಯಾರೇಜುಗಳನ್ನು ಹೊರಗಿಟ್ಟಿದ್ದಾರೆ, ಆ ಹಿಡಿತದಿಂದಲೇ ಬಿಡಿಭಾಗದ ಬೆಲೆ ಹಲವು ಪಟ್ಟು ಏರಿದೆ ಎಂಬುದು ಆಯೋಗದ ತೀರ್ಮಾನ. ಕಂಪನಿಗಳು ಮೇಲ್ಮನವಿಗೆ ಹೋದವು, ಮೇಲ್ಮನವಿ ನ್ಯಾಯಮಂಡಳಿ ಕೆಲವರ ದಂಡ ಇಳಿಸಿತು. ಆದರೆ ಆದೇಶದ ಒಂದು ಮಾತು ಪ್ರತಿಯೊಬ್ಬ ಕಾರು ಮಾಲೀಕನಿಗೂ ಸಂಬಂಧಿಸಿದ್ದು. ಹೊರಗಿನ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಎನ್ನುವ ಷರತ್ತು ಹಾಕುವಂತಿಲ್ಲ. ಆ ಕೆಲಸದಿಂದ ಹಾಳಾದ ಭಾಗದ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂದು ಅದು ಹೇಳಿತು. 2022ರ ಡಿಸೆಂಬರ್ 24ರಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ‘ರಿಪೇರಿ ಹಕ್ಕು’ ಜಾಲತಾಣ ತೆರೆದಾಗ ಅದರ ನಾಲ್ಕು ಕ್ಷೇತ್ರಗಳಲ್ಲಿ ಮೋಟಾರು ವಾಹನವೂ ಒಂದಾಗಿತ್ತು.

ಶೆಡ್ಡಿನ ದೌರ್ಬಲ್ಯ ಕೈಚಳಕದಲ್ಲಲ್ಲ, ಕಾಗದದಲ್ಲಿದೆ. “ಬಿಲ್ ಬೇಕಂದ್ರೆ ಹದಿನೆಂಟು ಪರ್ಸೆಂಟ್ ಜಾಸ್ತಿ ಆಗ್ತದಣ್ಣ” ಎಂಬ ಮಾತಿಗೆ ಎಲ್ಲರೂ ತಲೆಯಾಡಿಸುತ್ತಾರೆ. ಹಾಕಿದ ಕ್ಲಚ್ ಪ್ಲೇಟು ಕಂಪನಿ ಮಾಲೋ ಡೂಪ್ಲಿಕೇಟೋ, ವಾರಂಟಿ ಎಷ್ಟು ದಿನ, ಯಾವುದಕ್ಕೂ ಬರಹವಿಲ್ಲ. ಮಾಡಿದ ಸೇವೆಗೆ ಬಿಲ್ಲು ಕೊಡದಿರುವುದನ್ನು 2019ರ ಕಾಯ್ದೆ ಅನುಚಿತ ವ್ಯಾಪಾರ ಎಂದೇ ಎಣಿಸುತ್ತದೆ. ಬಿಲ್ಲು ಬರೆಯುವ ಅಭ್ಯಾಸದಿಂದ ಮೇಸ್ತ್ರಿಗೂ ಲಾಭವಿದೆ. ಗೇರ್‌ಬಾಕ್ಸು ಬಿಚ್ಚಿದ ಮೇಲೆ ಒಳಗೆ ಇನ್ನೊಂದು ಬೇರಿಂಗು ಹೋಗಿರುವುದು ಕಂಡರೆ, ಅದನ್ನು ಫೋಟೊ ತೆಗೆದು ಕಳಿಸಿ ‘ಇಷ್ಟಾಗುತ್ತೆ, ಮಾಡಲಾ’ ಎಂದು ಕೇಳಿದವನ ಮೇಲೆ ಯಾರೂ ಅನುಮಾನ ಪಡುವುದಿಲ್ಲ. ತಿಂಗಳುಗಟ್ಟಲೆ ಬಾಕಿ ಉಳಿಸಿಕೊಂಡು ಓಡಾಡುವ ಗಿರಾಕಿಯ ಎದುರೂ ಆ ಕಾಗದ ಅವನ ಪರ ನಿಲ್ಲುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1971ರಲ್ಲೇ ವಾಹನ ರಿಪೇರಿಗೆಂದು ಪ್ರತ್ಯೇಕ ಕಾಯ್ದೆ ಮಾಡಿತು. ಅಲ್ಲಿ ಕೆಲಸ ಶುರುಮಾಡುವ ಮೊದಲು ಲಿಖಿತ ಅಂದಾಜು ಕೊಡಲೇಬೇಕು, ಗ್ರಾಹಕ ಒಪ್ಪದೆ ಅದನ್ನು ಮೀರಿ ಒಂದು ಡಾಲರೂ ಹಾಕುವಂತಿಲ್ಲ, ಕೇಳಿದರೆ ಹಳೆಯ ಭಾಗ ವಾಪಸು ಕೊಡಬೇಕು. ಈ ಮೂರನ್ನು ಕರ್ನಾಟಕವೂ ಆಂಧ್ರವೂ ನಿಯಮವಾಗಿ ತಂದರೆ ಯಾರಿಗೂ ಹೊರೆಯಾಗದು. ಪ್ರಾಮಾಣಿಕ ವರ್ಕ್‌ಶಾಪುಗಳು ಈಗಲೂ ಇದನ್ನೇ ಮಾಡುತ್ತಿವೆ. ಮಾಡದವರನ್ನು ಆ ಸಾಲಿಗೆ ತರಬೇಕಾದ ಕೆಲಸ ಮಾತ್ರ ಉಳಿದಿದೆ.

ಆ ನಿಯಮ ಬರುವವರೆಗೆ ಗ್ರಾಹಕನೇ ಅದನ್ನು ತನ್ನ ಜಾಬ್ ಕಾರ್ಡಿನಲ್ಲಿ ಬರೆಸಬಹುದು. ಬೆಳಿಗ್ಗೆ ಕಾರು ಬಿಡುವಾಗ ಅಡ್ವೈಸರು ಸಹಿಗೆ ಚಾಚುವ ಆ ಹಾಳೆಯಲ್ಲಿ ‘ಗ್ರಾಹಕರ ಸೂಚನೆ’ ಎಂಬ ಜಾಗವಿರುತ್ತದೆ, ಬಹುತೇಕ ಖಾಲಿಯಾಗಿಯೇ ಹೋಗುತ್ತದೆ. ಅಲ್ಲಿ ಕನ್ನಡದಲ್ಲೇ ಬರೆಯಬಹುದು, ಬಳ್ಳಾರಿಯಲ್ಲೂ ತುಮಕೂರಿನಲ್ಲೂ ಓದಲು ಬರುತ್ತದೆ: ‘ಒಟ್ಟು 8,000 ರೂಪಾಯಿ ಮೀರುವ ಕೆಲಸವಿದ್ದರೆ ಮೊತ್ತವನ್ನು ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳುಹಿಸಿ, ನನ್ನ ಉತ್ತರ ಬಂದ ಮೇಲೆ ಮಾಡಬೇಕು. ಬದಲಿಸಿದ ಭಾಗಗಳನ್ನು ಕಾರಿನ ಜತೆ ಕೊಡಬೇಕು.’ ಮೊತ್ತ ಎಷ್ಟೆಂಬುದು ಅವರವರ ಕಾರು ನೋಡಿಕೊಂಡು. ಬರೆದು, ತಾರೀಖು ಹಾಕಿ, ಅಡ್ವೈಸರಿನ ಸಹಿ ಪಡೆದು, ಹಾಳೆಯ ಫೋಟೊ ತೆಗೆದುಕೊಂಡ ಮೇಲೆ ಬಸ್ಸು ಹತ್ತಬಹುದು.